ಸಿದ್ದು ಹಲಸಿನ ಕಸಿ ಗಿಡ: ಆರು ವರ್ಷ ಸಾಕಿ, ಹಣ್ಣು ತಿಂದು ಬರೀತಿರೋ ರಿವ್ಯೂ

ತಗೋಬಹುದಾ ಅಂತ ಕೇಳೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಧಾರಾಳವಾಗಿ ತಗೊಳ್ಳಿ, ಆದ್ರೆ ಹೈವೇ ಪಕ್ಕದಲ್ಲಿ "ಒರಿಜಿನಲ್ ಸಿದ್ದು ಹಲಸು ಸಿಗುತ್ತದೆ" ಅಂತ ಫ್ಲೆಕ್ಸ್ ನೋಡಿ ಕಾರು ನಿಲ್ಲಿಸ್ಬೇಡಿ. ನಾನು ನಿಲ್ಲಿಸಿದ್ದೆ. 2018ರ ಮಳೆಗಾಲ, ಊರಿಗೆ ಹೋಗ್ತಾ ಇದ್ದೆ, ಪೇಪರಲ್ಲೆಲ್ಲ ಸಿದ್ದು ಸಿದ್ದು ಅಂತ ಬರ್ತಿದ್ದ ಟೈಮು, ನರ್ಸರಿಯವನು ಒಂದು ಗಿಡಕ್ಕೆ 250 ಅಂದ, ನಾನು ಚೌಕಾಸಿ ಮಾಡಿ 220ಕ್ಕೆ ಆರು ಗಿಡ ಡಿಕ್ಕಿಗೆ ಹಾಕ್ಕೊಂಡು, ಏನೋ ದೊಡ್ಡ ಬೇಟೆ ಆಡಿದವನ ತರ ಮನೆಗೆ ಹೋದೆ. ನಮ್ಮ ಮಾವ (ಅಮ್ಮನ ತಮ್ಮ, ಹುಟ್ಟಿದಾಗಿಂದ ಮಣ್ಣಲ್ಲೇ ಇರೋ ಮನುಷ್ಯ) ಒಂದು ಗಿಡ ಎತ್ಕೊಂಡು ಬುಡ ನೋಡಿ, ಸುತ್ತಿದ್ದ ಪ್ಲಾಸ್ಟಿಕ್ ಟೇಪ್ ಬಿಚ್ಚಿ, "ಲೇ, ಇದ್ರಲ್ಲಿ ಕಸಿ ಎಲ್ಲೈತ್ಲಾ? ಬೀಜ ಹಾಕಿ ಬೆಳ್ಸಿರೋ ಸಸಿಗೆ ಬ್ಯಾಂಡೇಜು ಕಟ್ಟವ್ನೆ" ಅಂದ್ರು. ಆರರಲ್ಲಿ ಎರಡು ಹಂಗೆ ಶುದ್ಧ ಬೀಜದ ಸಸಿ. ಮಿಕ್ಕ ನಾಲ್ಕಕ್ಕೆ ಕಸಿ ಏನೋ ಕಟ್ಟಿದ್ದ, ಆದ್ರೆ ಯಾವ ಮರದ ಕಡ್ಡಿ ತಂದು ಕಟ್ಟಿದ್ನೋ ಆ ಸಿದ್ದೇಶ್ವರನಿಗೇ ಗೊತ್ತು. ಮೂರು ಬೇಸಿಗೇಲಿ ಒಣಗೋದ್ವು, ಉಳಿದದ್ದು ಒಂದು 2022ರಲ್ಲಿ ಹಣ್ಣು ಬಿಡ್ತು, ಕುಯ್ದು ನೋಡಿದ್ರೆ ಸಿದ್ದುವಿನ ಕೆಂಪು ಎಲ್ಲಿ, ತಿಳಿ ಹಳದಿ, ಬಾಯಿಗಿಟ್ರೆ ನಾರು. ನಾಲ್ಕು ವರ್ಷ ನೀರು ಹಾಕಿದ್ದಕ್ಕೆ ಸಿಕ್ಕ ಬಹುಮಾನ ಅದು. ಹಲಸಲ್ಲಿ ಮೋಸ ಹೋದ್ರೆ ದುಡ್ಡಿಗಿಂತ ವರ್ಷ ಹೋಗುತ್ತೆ, ಅದು ಯಾವ ಗ್ರಾಹಕರ ಕೋರ್ಟಲ್ಲೂ ವಾಪಸ್ ಸಿಗಲ್ಲ.

ಸರಿ, ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಸಿದ್ದು ಅನ್ನೋದು ಯಾವುದೋ ಲ್ಯಾಬಲ್ಲಿ ಕ್ರಾಸ್ ಮಾಡಿ ಹುಟ್ಟಿಸಿದ ತಳಿ ಅಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಲ್ಲಿ ಸಿದ್ದಪ್ಪ ಅನ್ನೋ ರೈತರು ತಮ್ಮ ಜಮೀನಲ್ಲಿ ಬೆಳೆಸಿದ್ದ ಒಂದೇ ಒಂದು ಮರ. ನಮ್ಮ ಕಡೆ ಕೆಂಪು ತೊಳೆ ಹಲಸಿಗೆ ಚಂದ್ರ ಹಲಸು ಅಂತೀವಲ್ಲ, ಆ ಪೈಕಿ ಮರ, ಆದ್ರೆ ಬಣ್ಣ ಇನ್ನೂ ಗಾಢ, ತಿಕ್ಕಿ ತೊಳೆದ ತಾಮ್ರದ ಚೊಂಬಿನ ಬಣ್ಣ, ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕೆ.ಜಿ. ಆಸುಪಾಸು. ಸಿದ್ದಪ್ಪನವರು ತೀರಿಕೊಂಡ ಮೇಲೆ ಅವರ ಮಗ ನೋಡ್ಕೋತಿದ್ರು, ನೆಂಟರಿಷ್ಟರಿಗೆ ಹಂಚೋರು ಅಷ್ಟೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, ಅವರದ್ದೇ ಹಿರೇಹಳ್ಳಿ ಕೇಂದ್ರ ಇದೆಯಲ್ಲ, ಅಲ್ಲಿಯವರು ಹಣ್ಣು ಪರೀಕ್ಷೆ ಮಾಡಿ, ಟೊಮ್ಯಾಟೊಗೆ ಕೆಂಪು ಕೊಡೋ ಲೈಕೋಪೀನ್ ಇದ್ರಲ್ಲಿ ಮಾಮೂಲಿ ಹಲಸಿಗಿಂತ ಜಾಸ್ತಿ ಇದೆ ಅಂತ ಕಂಡುಕೊಂಡ್ರು. ಇಲ್ಲಿವರೆಗೂ ಮಾಮೂಲಿ ಕಥೆ. ಇಂಥ ಎಷ್ಟು ಮರ, ಎಷ್ಟು ಭತ್ತ, ಎಷ್ಟು ಬದನೆ ನಮ್ಮ ಹಳ್ಳಿಗಳಿಂದ ಕಡ್ಡಿ, ಬೀಜ ಕೊಟ್ಟು ಆಮೇಲೆ ಸಂಸ್ಥೆ ಕೊಟ್ಟ ಒಂದು ತಳಿ ನಂಬರಿನ ಹಿಂದೆ ಮಾಯ ಆಗಿಲ್ಲ ಹೇಳಿ?

ಇಲ್ಲಿ ಹಂಗಾಗ್ಲಿಲ್ಲ ನೋಡಿ. 2017ರಲ್ಲಿ ಸಂಸ್ಥೆಯವರು ಆ ಕುಟುಂಬದ ಜೊತೆ ಒಂದು ಒಪ್ಪಂದ ಮಾಡ್ಕೊಂಡ್ರು. ಗಿಡ ಮಾರಿ ಬರೋ ದುಡ್ಡಲ್ಲಿ ಶೇ. 75 ಮರದ ಮನೆಯವರಿಗೆ, ಶೇ. 25 ಸಂಸ್ಥೆಗೆ. ತಳಿಗೆ ಹೆಸರು ಸಿದ್ದಪ್ಪನವರದ್ದೇ. ಅವರ ಮಗನಿಗೆ ತಳಿ ಸಂರಕ್ಷಕ ಅನ್ನೋ ಮಾನ್ಯತೆ. ನಾನು ಇದನ್ನ ಮೊದಲ ಸಲ ಓದಿದಾಗ ಪ್ರಿಂಟ್ ಮಿಸ್ಟೇಕ್ ಇರ್ಬೇಕು, 7.5 ಇರ್ಬೇಕು ಅಂದ್ಕೊಂಡಿದ್ದೆ. ಯಾಕಂದ್ರೆ ಜೀವವೈವಿಧ್ಯ ಕಾಯ್ದೆ ಅಂತ 2002ರದ್ದು ಒಂದು ಇದೆ, ಅದರ ಕೆಳಗೆ 2014ರಲ್ಲಿ ಮಾಡಿದ್ದ ಲಾಭ ಹಂಚಿಕೆ ನಿಯಮದಲ್ಲಿ ಕಂಪನಿಗಳು ತಮ್ಮ ಮಾರಾಟದ ಮೇಲೆ ಕೊಡಬೇಕಾಗಿದ್ದಿದ್ದು ಶೇ. 0.1ರಿಂದ 0.5, ಅಂದ್ರೆ ನೂರು ರೂಪಾಯಿಗೆ ಹತ್ತು ಪೈಸೆಯಿಂದ ಐವತ್ತು ಪೈಸೆ, ಅದನ್ನೂ ಕೊಡಲ್ಲ ಅಂತ ಹರಿದ್ವಾರ ಕಡೆಯ ಒಂದು ದೊಡ್ಡ ಆಯುರ್ವೇದ ಔಷಧಿ ಕಂಪನಿ ಕೋರ್ಟಿಗೆ ಹೋಗಿ, 2018ರ ಡಿಸೆಂಬರಲ್ಲಿ ಉತ್ತರಾಖಂಡ ಹೈಕೋರ್ಟು ದೇಶದ ಕಂಪನಿಗಳೂ ಕೊಡ್ಲೇಬೇಕು ಅಂತ ಹೇಳ್ಬೇಕಾಯ್ತು. ಅಂಥಾದ್ರಲ್ಲಿ ಮುಕ್ಕಾಲು ಪಾಲು! ಎರಡೂ ಒಂದೇ ತಕ್ಕಡೀಲಿ ತೂಗೋ ಲೆಕ್ಕ ಅಲ್ಲ, ಅಲ್ಲಿ ಬೇರು ನಾರು ತಗೊಂಡು ಔಷಧಿ ಮಾಡಿ ಬಾಟಲಿಗೆ ತುಂಬೋ ಖರ್ಚಿರುತ್ತೆ, ಇಲ್ಲಿ ಮಾರೋದೇ ಆ ಮರದ ತುಂಡು. ಆದ್ರೂ.

ಹಿರೇಹಳ್ಳಿ ಬೆಂಗಳೂರಿಂದ ತುಮಕೂರಿಗೆ ಹೋಗೋ ಹೈವೇಲೇ ಸಿಗುತ್ತೆ, ತುಮಕೂರಿಗೆ ಸ್ವಲ್ಪ ಮುಂಚೆ. 2019ರ ಜೂನಲ್ಲಿ ಹೋಗಿ ಎಂಟು ಗಿಡ ತಂದೆ, ಆಗ ಒಂದಕ್ಕೆ 150. ಹೈವೇ ನರ್ಸರಿಯವನಿಗಿಂತ ಕಮ್ಮಿ, ಗಮನಿಸಿ. ಮನೆಗೆ ಬಂದು ರಸೀದಿ ಹಿಂದೆ ಲೆಕ್ಕ ಹಾಕ್ದೆ, 150ರಲ್ಲಿ ಮುಕ್ಕಾಲು ಅಂದ್ರೆ ನೂರಾ ಹನ್ನೆರಡೂವರೆ, ಎಂಟು ಗಿಡಕ್ಕೆ 900 ರೂಪಾಯಿ. ಚೇಳೂರಿನ ಆ ಮನೆಗೆ 900 ರೂಪಾಯಿ ಹೋಯ್ತು ಅಂತ ಒಂಥರಾ ಖುಷಿ. ನಂಗೆ ಅವರ ಪರಿಚಯ ಇಲ್ಲ, ನೋಡಿಲ್ಲ, ಆದ್ರೆ ಸೂಪರ್ ಮಾರ್ಕೆಟಲ್ಲಿ ಸಾವಿರಾರು ರೂಪಾಯಿ ಸಾಮಾನು ತಂದಾಗ ಅದರಲ್ಲಿ ಬೆಳೆದವನಿಗೆ ಎಷ್ಟು ಹೋಯ್ತು ಅಂತ ಒಂದು ಸಲನಾದ್ರೂ ಲೆಕ್ಕ ಹಾಕಕ್ಕೆ ಆಗಿದ್ಯಾ. ಗಿಡ ಯಾವಾಗ್ಲೂ ಸ್ಟಾಕ್ ಇರುತ್ತೆ ಅಂದ್ಕೊಂಡು ಹೋಗ್ಬೇಡಿ, ಮುಂಚೆ ಫೋನ್ ಮಾಡಿ ಕೇಳ್ಕೊಂಡು ಹೋಗಿ, ರೇಟೂ ಆಗಿಂದು ಈಗಿರಲ್ಲ.

ಗಿಡದ ಕ್ವಾಲಿಟಿ ಬಗ್ಗೆ. ಕಸಿ ಕಟ್ಟಿದ ಗಂಟು ಕಣ್ಣಿಗೆ ಕಾಣೋ ಹಂಗಿತ್ತು, ಮಾವ ಬೆರಳಲ್ಲಿ ಸವರಿ ನೋಡಿ "ಹ್ಞೂಂ" ಅಂದ್ರು, ಅವರ ಬಾಯಲ್ಲಿ ಹ್ಞೂಂ ಅಂದ್ರೆ ಫೈವ್ ಸ್ಟಾರ್. ಒಂದು ಮೊಳ ಎತ್ತರ ಇತ್ತು ಅಷ್ಟೇ, ನೋಡಿದ್ರೆ ಇದಕ್ಕಾ ಇಷ್ಟು ದೂರ ಬಂದ್ವಿ ಅನ್ಸುತ್ತೆ, ಹೈವೇ ನರ್ಸರಿಯದ್ದು ಎದೆಮಟ್ಟ ಇತ್ತು. ದೊಡ್ಡ ಗಿಡಕ್ಕೆ ಮರುಳಾಗ್ಬೇಡಿ, ಚಿಕ್ಕ ಕವರಲ್ಲಿ ವರ್ಷಗಟ್ಟಲೆ ನಿಂತ ಹಲಸಿನ ತಾಯಿಬೇರು ಒಳಗೇ ಹಾವಿನ ತರ ಸುತ್ಕೊಂಡಿರುತ್ತೆ, ನೆಟ್ಟ ಮೇಲೆ ಭೂಮಿಗೆ ಇಳಿಯಲ್ಲ. ನಾವು ತೆಂಗಿನ ತೋಟದ ಅಂಚಲ್ಲಿ, ಸುಮಾರು 25 ಅಡಿಗೊಂದು ಗುಂಡಿ ತೆಗ್ದು, ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಹಾಕಿ ನೆಟ್ವಿ. ಒಂದು ವಿಷ್ಯ ಯಾರೂ ಹೇಳಲ್ಲ, ಕಸಿ ಗಂಟಿನ ಕೆಳಗಿಂದ ಚಿಗುರು ಬರ್ತಾನೇ ಇರುತ್ತೆ, ಅದು ಬುಡದ ನಾಟಿ ಸಸಿದು, ನೀವು ಪ್ರೀತಿಯಿಂದ ಬಿಟ್ರೆ ಎರಡು ವರ್ಷದಲ್ಲಿ ಅದೇ ಮೇಲೆದ್ದು ಸಿದ್ದು ಸತ್ತು ಸಿದ್ದುನ ಹೆಸರಲ್ಲಿ ಬೇರೆ ಯಾವನೋ ಬೆಳ್ಕೊಂಡಿರ್ತಾನೆ. ನಮ್ಮದರಲ್ಲಿ ಒಂದು ಹಿಂಗೇ ಆಯ್ತು, ನಾನು ಕೊರೋನಾ ಟೈಮಲ್ಲಿ ಊರಿಗೆ ಹೋಗಕ್ಕಾಗ್ದೆ, ಅಮ್ಮ "ಎಷ್ಟು ಚೆನ್ನಾಗಿ ಚಿಗುರೈತೆ" ಅಂತ ನೀರು ಹಾಕಿದ್ದೇ ಹಾಕಿದ್ದು. ಒಂದನ್ನ ಕಾಂಡ ಕೊರೆಯೋ ಹುಳ ತಿಂತು. ಎಂಟರಲ್ಲಿ ಆರು ಉಳಿದ್ವು. ನನ್ನಂಥ ಶನಿವಾರ ಭಾನುವಾರದ ರೈತನಿಗೆ ಇದು ಡಿಸ್ಟಿಂಕ್ಷನ್.

ಇನ್ನು ಹಣ್ಣು. 2023ರಲ್ಲಿ ಮೊದಲ ಸಲ ಮೂರು ಕಾಯಿ ನಿಂತ್ವು. ಅದಕ್ಕೂ ಮುಂಚೆ ಸಣ್ಣ ಸಣ್ಣ ಮಿಡಿ ಕಪ್ಪಾಗಿ ಉದುರೋದು ನೋಡಿ ನಾನು ಗಾಬರಿಯಾಗಿ ಔಷಧಿ ಹುಡುಕ್ತಿದ್ದೆ, ಮಾವ ನಕ್ಕು "ಅವು ಗಂಡು ಹೂ ಕಣಪ್ಪ, ಉದುರದೇ ಕೆಲ್ಸ" ಅಂದ್ರು. ಮೊದಲ ಹಣ್ಣು ಅಷ್ಟಕ್ಕಷ್ಟೇ, ಕೆಂಪೇನೋ ಇತ್ತು, ಸಿಹಿ ಸಪ್ಪೆ. ಯಾರಾದ್ರೂ ಮೊದಲ ವರ್ಷದ ಹಣ್ಣು ತಿಂದು ರಿವ್ಯೂ ಹಾಕಿದ್ರೆ ನಂಬಬೇಡಿ. 2024ರಲ್ಲಿ ಆರು ಮರದಿಂದ ಇಪ್ಪತ್ತರ ಹತ್ತಿರ, 2025ರಲ್ಲಿ ಎಣಿಸೋದು ಬಿಟ್ವಿ. ಆ ಎರಡು ವರ್ಷದ ಹಣ್ಣಿನ ಬಗ್ಗೆ ಹೇಳ್ತೀನಿ ಕೇಳಿ: ಕುಯ್ದ ತಕ್ಷಣ ಮನೆಯೋರೆಲ್ಲ ಒಂದು ನಿಮಿಷ ಸುಮ್ನಾದ್ರು. ಬಣ್ಣ ಹಂಗಿದೆ. ತೊಳೆ ಗಟ್ಟಿ, ಬೆರಳಲ್ಲಿ ಹಿಡಿದ್ರೆ ಜಾರಲ್ಲ, ಕಚ್ಚಿದ್ರೆ ಕರುಂ ಅನ್ನೋದಕ್ಕೂ ಮೆತ್ತಗಿರೋದಕ್ಕೂ ಮಧ್ಯ ಒಂದು ಹದ, ಸಿಹಿ ಜೇನಿನ ಕಡೆಗೆ ಹೋಗುತ್ತೆ, ಆದ್ರೆ ಗಂಟಲು ಹಿಡಿಯಲ್ಲ. ವಾಸನೆ ಕಮ್ಮಿ, ಅದು ನಂಗೆ ಸ್ವಲ್ಪ ಬೇಜಾರು, ಹಲಸು ಅಂದ್ರೆ ಮೂರನೇ ಮನೆಯವರಿಗೆ ಗೊತ್ತಾಗ್ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನೋರಿಗೆ ಅದೇ ಪ್ಲಸ್ ಪಾಯಿಂಟ್ ಆಗ್ಬಹುದು.

ಸೈಜು ಇದರ ದೊಡ್ಡ ಗುಣ. ಹತ್ತು ಹದಿನೈದು ಕೆ.ಜಿ. ಹಣ್ಣು ತಂದು, ಕೈಗೆ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಕೊಂಡು, ಪೇಪರ್ ಹಾಸಿ, ಇಡೀ ವಠಾರಕ್ಕೆ ಹಂಚೋ ಕಾಲ ಒಂದಿತ್ತು. ಈಗ ಮನೇಲಿ ಇರೋದೇ ಮೂರು ಜನ, ಅದರಲ್ಲಿ ಒಬ್ಬರಿಗೆ ಶುಗರ್ರು. ಎರಡೂವರೆ ಕೆ.ಜಿ. ಹಣ್ಣು ಅಂದ್ರೆ ಒಂದು ಸಂಜೆಗೆ ಮುಗೀತು. ಆದ್ರೆ ಇದಕ್ಕೊಂದು ಮೈನಸ್ಸು ಇದೆ, ಅದನ್ನ ಪತ್ತೆ ಹಚ್ಚಿದ್ದು ಅಮ್ಮ. ಹಣ್ಣೇ ಇಷ್ಟು, ಬೀಜ ಎಷ್ಟು ಸಿಗುತ್ತೆ? ಮುದ್ದೆ ಜೊತೆಗೆ ಹಲಸಿನ ಬೀಜ, ಹಿತಕಿದ ಅವರೇಬೇಳೆ ಸಿಗದ ಕಾಲದಲ್ಲಿ ಅದೇ ನಮ್ಮ ಮನೆ ಮಟನ್ನು, ಒಂದು ಪಾತ್ರೆ ಸಾರಿಗೆ ಎರಡು ಮೂರು ಹಣ್ಣು ಒಡೀಬೇಕು. "ನೋಡಕ್ ಚೆಂದ, ಸಾರಿಗಿಲ್ಲ" ಅನ್ನೋದು ಅಮ್ಮನ ಒಂದು ಸಾಲಿನ ರಿವ್ಯೂ. ಮಂಗಗಳ ರಿವ್ಯೂ ಬಹಳ ಒಳ್ಳೇದಿದೆ, ಅವು ಮಾಮೂಲಿ ಮರ ಬಿಟ್ಟು ಇದಕ್ಕೇ ಬರ್ತವೆ. ಗೋಣಿಚೀಲ ಕಟ್ಟಿ, ಸೀರೆ ಕಟ್ಟಿ, ಏನ್ ಕಟ್ಟಿದ್ರೂ ಬಿಚ್ಚೋದು ಅವಕ್ಕೆ ಗೊತ್ತು. ಮಾರೋ ಲೆಕ್ಕದಲ್ಲಿ ಬೆಳೀಬೇಕು ಅನ್ನೋರು ಚೇಳೂರು ಮಾರ್ಕೆಟ್ಟಿಗೆ ಸೀಸನ್ನಲ್ಲಿ ಒಂದು ಸಲ ಹೋಗಿ ಬನ್ನಿ, ಲಾರಿಗಟ್ಟಲೆ ಹಲಸು ಹೊರಗಡೆ ರಾಜ್ಯಕ್ಕೆ ಹೋಗೋದು ನೋಡಿ, ದೊಡ್ಡ ವ್ಯಾಪಾರಿ ತೂಕ ನೋಡ್ತಾನೆ, ಬಣ್ಣಕ್ಕೆ ದುಡ್ಡು ಕೊಡೋದು ನಗರದ ಬಿಡಿ ಗಿರಾಕಿ. ಅದು ಗೊತ್ತಿದ್ದು ಹಾಕಿ.

ಈಗ ನನ್ನ ಮಟ್ಟಿಗೆ ಈ ಪ್ರಾಡಕ್ಟಿನ ನಿಜವಾದ ಫೀಚರ್ ಯಾವುದು ಅಂತ ಹೇಳ್ತೀನಿ, ಅದು ಲೈಕೋಪೀನ್ ಅಲ್ಲ, ಆ ಮುಕ್ಕಾಲು ಪಾಲು. ಪಾಪ ರೈತ ಅನ್ನೋ ಸೆಂಟಿಮೆಂಟಲ್ಲಿ ಹೇಳ್ತಿಲ್ಲ, ಗಿರಾಕಿಯಾಗಿ ಹೇಳ್ತಿದ್ದೀನಿ. ಗಿಡ ಅಸಲಿನಾ ಅಂತ ನೋಡೋಕೆ ನಮ್ಮ ಹತ್ರ ಯಾವ ಸಾಧನ ಇದೆ? ಎಲೆ ಎಲ್ಲಾ ಒಂದೇ ತರ. ನಾಲ್ಕು ವರ್ಷ ಕಾಯೋವರೆಗೂ ಸುಳ್ಳು ಗೊತ್ತಾಗಲ್ಲ. ಅಸಲಿ ಅಂತ ಹೇಳಬಲ್ಲೋರು ಯಾರು, ತಾಯಿ ಮರ ಯಾರ ಹತ್ರ ಇದೆಯೋ ಅವರು, ಮತ್ತೆ ಅವರಿಗೆ ಪ್ರತಿ ಗಿಡದಲ್ಲೂ ಪಾಲು ಇದ್ರೆ ಮಾತ್ರ ಅವರು ಮರ ಕಾಯ್ತಾರೆ, ಕಡ್ಡಿ ಎಲ್ಲಿಗೆ ಹೋಗ್ತಿದೆ ಅಂತ ಕಣ್ಣಿಡ್ತಾರೆ. ಹೈವೇಯವನಿಗೆ ಯಾರ ಹೆಸರು ಹಾಳಾದ್ರೆ ಏನು. ಆ ಪಾಲು ನ್ಯಾಯಾನೂ ಹೌದು ಗ್ಯಾರಂಟಿನೂ ಹೌದು, ಒಂದೇ ರಸೀದಿಲಿ ಎರಡೂ.

ಇದು ಎಲ್ಲಾ ಕಡೆ ಹಿಂಗೆ ಸಲೀಸಾಗಿ ನಡೆದಿಲ್ಲ. ಉಡುಪಿಯ ಮಟ್ಟುಗುಳ್ಳ ಗೊತ್ತಲ್ಲ, ವಾದಿರಾಜರು ಬೀಜ ಕೊಟ್ರು ಅಂತ ಊರೋರು ನಂಬೋ ಬದನೆ, 2011ರಲ್ಲಿ ಜಿಐ (ಇದು ಈ ಊರಿನದ್ದೇ ಬೆಳೆ ಅನ್ನೋ ಸರ್ಕಾರಿ ಮಾನ್ಯತೆ) ಸಿಕ್ಕಿದ್ದು. ಬಿಟಿ ಬದನೆ (ಹುಳ ತಿನ್ನದ ಹಂಗೆ ಲ್ಯಾಬಲ್ಲಿ ಮಾಡಿದ ಕುಲಾಂತರಿ ಬದನೆ) ಮಾಡುವಾಗ ಆ ಉಡುಪಿ ಬದನೆ, ಕುಡಚಿ, ರಬಕವಿ ಕಡೆಯ ಬದನೆ ಎಲ್ಲಾ ಬಳಸಿದ್ರು, ಊರೋರನ್ನೂ ಕೇಳ್ಲಿಲ್ಲ, ಜೀವವೈವಿಧ್ಯ ಕಾಯ್ದೆ ಪ್ರಕಾರ ಪಡೀಬೇಕಾದ ಒಪ್ಪಿಗೇನೂ ಪಡೀಲಿಲ್ಲ ಅಂತ 2010ರಲ್ಲಿ ದೂರು ಬಂದು, ಅದು ಕೋರ್ಟಿನ ಮೆಟ್ಟಿಲೂ ಹತ್ತಿತು. ಬಿಟಿ ಬದನೆ ಅದೇ ವರ್ಷ ಫೆಬ್ರವರೀಲಿ ಕೇಂದ್ರ ತಡೆಹಿಡಿದಿದ್ದರಿಂದ ಮಾರುಕಟ್ಟೆಗೆ ಬರ್ಲಿಲ್ಲ, ಅದು ಬೇರೆ ಮಾತು. ಕೇರಳದ ಅಗಸ್ತ್ಯಮಲೆಯ ಕಾಣಿ ಅನ್ನೋ ಬುಡಕಟ್ಟು ಜನರದ್ದು ಇನ್ನೊಂದು ಕಥೆ, 1987ರಲ್ಲಿ ದಾರಿ ತೋರ್ಸಕ್ಕೆ ಹೋದ ಕಾಣಿ ಹುಡುಗರು ಬೆಟ್ಟ ಹತ್ತುವಾಗ ಯಾವುದೋ ಕಾಯಿ ತಿಂದು ಸುಸ್ತಾಗದೆ ನಡೀತಿದ್ರು, ವಿಜ್ಞಾನಿಗಳು ಬೆವರು ಒರೆಸ್ಕೊಂಡು ಅದೇನಪ್ಪಾ ಅಂತ ಕೇಳಿದ್ರು, ಆರೋಗ್ಯಪಚ್ಚ ಅನ್ನೋ ಆ ಗಿಡದಿಂದ ಜೀವನಿ ಅನ್ನೋ ಔಷಧಿ ಆಯ್ತು, ಕೊಯಮತ್ತೂರಿನ ಕಂಪನಿಗೆ ಹತ್ತು ಲಕ್ಷಕ್ಕೆ ಲೈಸೆನ್ಸು, ಮೇಲೆ ಶೇ. 2 ರಾಯಧನ, ಅದರಲ್ಲಿ ಅರ್ಧ ಕಾಣಿಗಳಿಗೆ, ಅದಕ್ಕೆ ಅಂತ 1997ರಲ್ಲಿ ಅವರದ್ದೇ ಟ್ರಸ್ಟು. ಪ್ರಪಂಚ ಎಲ್ಲಾ ಹೊಗಳಿತು. ಆದ್ರೆ ಆ ಗಿಡ ಬೆಳೆಯೋದೇ ಕಾಡಲ್ಲಿ, ಕಾಡಿಂದ ಎಲೆ ತರಕ್ಕೆ ಅರಣ್ಯ ಇಲಾಖೆ ಅಡ್ಡಿ, ತೋಟದಲ್ಲಿ ಸರಿಯಾಗಿ ಬರಲ್ಲ, ಹಂಗೆ ಹಂಗೆ ಎಲೆ ಸಿಗೋದೇ ಕಷ್ಟ ಆಗಿ ವ್ಯಾಪಾರ ಸೊರಗ್ತು. ಸಿದ್ದುಗೆ ಆ ತಾಪತ್ರಯ ಇಲ್ಲ, ಮರ ಇರೋದು ಪಟ್ಟಾ ಜಮೀನಲ್ಲಿ, ಯಜಮಾನ ಯಾರು ಅನ್ನೋ ಪ್ರಶ್ನೆಗೆ ಪಹಣಿಯಲ್ಲೇ ಉತ್ತರ ಇದೆ. ಬದನೆಗೆ, ಕಾಡಿನ ಗಿಡಕ್ಕೆ ಯಜಮಾನ ಯಾರು ಅಂದ್ರೆ ಒಂದು ಊರು, ಒಂದು ಜನ. ಪಹಣಿ ಅದಕ್ಕೆ ಕಾಲಂ ಇಟ್ಟಿಲ್ಲ.

ಅಲ್ಲೇ ನಂಗೆ ಒಂದು ಮುಳ್ಳು ಚುಚ್ಚೋದು. ಹಲಸು ಬೀಜದಿಂದ ಹುಟ್ಟಿದ್ರೆ ಒಂದು ಮರ ಇದ್ದಂಗೆ ಇನ್ನೊಂದಿರಲ್ಲ, ಪರಾಗ ಎಲ್ಲಿಂದ ಬಂತೋ ಯಾರಿಗೊತ್ತು. ಸಿದ್ದಪ್ಪನವರ ಮರದಂಥ ಮರ ಹುಟ್ಟಿದ್ದೇ ಹಂಗೆ, ತುಮಕೂರು ಸೀಮೆಯ ಸಾವಿರಾರು ಜನ ತಲೆತಲಾಂತರದಿಂದ ಚೆನ್ನಾಗಿರೋ ಹಣ್ಣಿನ ಬೀಜ ಬದುವಲ್ಲಿ ಊರಿ, ಚೆನ್ನಾಗಿಲ್ಲದ್ದನ್ನ ಸೌದೆಗೆ ಕಡಿದು, ಅದನ್ನೇ ಮಾಡ್ತಾ ಬಂದಿದ್ದರಿಂದ. ಅದರಲ್ಲಿ ಒಬ್ಬರ ಮರ ಗೆದ್ದಿತು, ಆಮೇಲೆ ಅದೇ ಜಿಲ್ಲೆಯ ಇನ್ನೊಬ್ಬ ರೈತರ ಮರ ಶಂಕರ ಅನ್ನೋ ಹೆಸರಲ್ಲಿ ಬಂತು, ಸಂತೋಷ. ಆದ್ರೆ ನಮ್ಮೂರಲ್ಲಿ ನಾನು ಕಣ್ಣಾರೆ ಕಂಡದ್ದು ಏನು ಅಂದ್ರೆ, ಸಿದ್ದು ಹಾಕ್ಬೇಕು ಅಂತ ಹಳೇ ಬೀಜದ ಮರ ಕಡಿದೋರು ಇಬ್ಬರು ಇದ್ದಾರೆ. ಮರಕ್ಕೆ ಒಳ್ಳೇ ರೇಟಿದೆ, ಬಾಗಿಲಿಗೆ, ವೀಣೆಗೆ ಅಂತ ಹಲಸಿನ ಮರ ಕೇಳ್ಕೊಂಡು ಬರೋರಿರ್ತಾರೆ. ಒಂದು ಕಸಿ ಮರದ ಕಡ್ಡಿಯಿಂದ ಊರೆಲ್ಲ ಗಿಡ ಮಾಡಿದ್ರೆ ನಾಳೆ ಸಿದ್ದು ತಡ್ಕೊಳ್ಳಕ್ಕಾಗದ ರೋಗ ಬಂದ್ರೆ ಇಡೀ ಊರಿಗೆ ಬರುತ್ತೆ, ಮುಂದಿನ ಸಿದ್ದು ಹುಟ್ಟೋ ಬದುವೂ ಇರಲ್ಲ. ದೊಡ್ಡಬಳ್ಳಾಪುರದ ತೂಬುಗೆರೆ ಕಡೆ ಹಲಸು ಬೆಳೆಗಾರರು ಸಂಘ ಮಾಡ್ಕೊಂಡು, ಕೃಷಿ ವಿವಿಯವರ ಜೊತೆ ಸೇರಿ ತಮ್ಮ ಊರಿನ ಹಲವು ತರದ ಮರ ಇಟ್ಕೊಂಡೇ ವ್ಯಾಪಾರ ಮಾಡಿದ್ದಾರೆ, ಅಂಥದ್ದು ಗುಬ್ಬಿ, ಕುಣಿಗಲ್ ಕಡೆಗೂ ಬೇಕು ಅನ್ಸುತ್ತೆ.

ಇನ್ನೊಂದು ಪೇಚಾಟ. ಹೋದ ವರ್ಷ ಪಕ್ಕದ ತೋಟದ ಅಣ್ಣ ಬಂದು ಹಣ್ಣು ತಿಂದು, "ಎರಡು ಕಡ್ಡಿ ಕೊಡಪ್ಪ, ನಮ್ಮ ಸಸಿಗೆ ಕಟ್ತೀನಿ" ಅಂದ್ರು. ನಂಗೆ ಬಾಯಿಗೆ ಬಂದಿದ್ದು ಆ ನೂರಾ ಹನ್ನೆರಡೂವರೆ. ಕೊಟ್ರೆ ಚೇಳೂರಿನೋರ ಪಾಲು ಕದ್ದಂಗಾ? ಕೊಡದೆ ಇದ್ರೆ, ನಮ್ಮಪ್ಪನ ಕಾಲದಿಂದ ನಿಂಬೆ ಗೂಟಿ, ಬಾಳೆ ಕಂದು, ರಾಗಿ ಬೀಜ ಎಲ್ಲಾ ಆ ಮನೆಯಿಂದ ಬಂದಿದ್ದು ಯಾರ ಲೆಕ್ಕದಲ್ಲಿ ಬರ್ಕೊಳ್ಳೋದು? ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಅನ್ನೋ 2001ರ ಕಾಯ್ದೇಲಿ ಬೀಜ ಉಳಿಸ್ಕೊಳ್ಳೋದು, ಹಂಚ್ಕೊಳ್ಳೋದು ರೈತನ ಹಕ್ಕು ಅಂತಾನೇ ಇದೆ, ಬ್ರಾಂಡ್ ಹಾಕಿ ಮಾರಂಗಿಲ್ಲ ಅಷ್ಟೇ. ಅಮ್ಮನ ತೀರ್ಪು ಬೇಗ ಬಂತು: "ಕೊಡು. ಮಾರಕ್ಕೆ ಕಟ್ಟಿದ್ರೆ ನಾನೇ ಹೋಗಿ ಕೇಳ್ತೀನಿ." ಎರಡು ಕಡ್ಡಿ ಕೊಟ್ಟೆ. ಒಂದು ಹತ್ತಿದೆ, ಒಂದು ಒಣಗಿದೆ. ಅವರು ಬದಲಿಗೆ ತಮ್ಮ ಬದುವಿನ ಅಂಬಲಿ ಹಲಸಿನ ಹಣ್ಣು ಎರಡು ತಂದಿಟ್ಟು ಹೋದ್ರು, ತೊಳೆ ಬಾಯಲ್ಲಿ ಕರಗಿ ನೀರಾಗುತ್ತೆ, ಅದನ್ನ ಯಾವ ಸಂಸ್ಥೆಯೂ ಪರೀಕ್ಷೆ ಮಾಡಿಲ್ಲ.

ಆ ಅಂಬಲಿ ತಿಂದ ಹುಮ್ಮಸ್ಸಲ್ಲೇ ನಾನು ನಮ್ಮ ಪಂಚಾಯ್ತಿಗೆ ಹೋಗಿ ಜೀವವೈವಿಧ್ಯ ದಾಖಲಾತಿ ತೋರ್ಸಿ ಅಂದೆ. ಆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತೀಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಊರಲ್ಲಿರೋ ಗಿಡ ಮರ ತಳಿ, ಅದರ ಬಗ್ಗೆ ಜನರಿಗೆ ಗೊತ್ತಿರೋದು ಎಲ್ಲಾ ಜನರೇ ಕೂತು ಬರ್ಸಿ ಒಂದು ಪುಸ್ತಕ ಮಾಡ್ಬೇಕು. ಮುಂದೆ ಯಾವನಾದ್ರೂ ನಮ್ಮ ಮರದ ಕಡ್ಡಿ ತಗೊಂಡು ಹೋಗಿ ಕೋಟಿ ಮಾಡಿದ್ರೆ ಇದು ನಮ್ಮದು ಅನ್ನಕ್ಕೆ ಆಧಾರ ಅದೇ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥೋರು ಊರೂರು ತಿರುಗಿ, ಹಳ್ಳಿಯೋರ ಹತ್ರ ಕಲೀಬೇಕು ಅಂತ ಶುರು ಮಾಡಿದ ಕೆಲಸ ಅದು. ಆದ್ರೆ ಮಧ್ಯ ಏನಾಯ್ತು ಅಂದ್ರೆ, ಹಸಿರು ನ್ಯಾಯಮಂಡಳಿ 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲಾಂದ್ರೆ ರಾಜ್ಯಗಳು ತಿಂಗಳಿಗೆ ಹತ್ತು ಲಕ್ಷ ದಂಡ ಕಟ್ಟಿ ಅಂತು, ದೇಶದ ತುಂಬ ಪುಸ್ತಕಗಳು ಮಳೆ ಬಿದ್ದ ಮೇಲೆ ಅಣಬೆ ಎದ್ದಂಗೆ ಎದ್ವು. ನಮ್ಮ ಊರಿನ ಪುಸ್ತಕ ಬೀರುವಿನ ಮೇಲೆ ಸಿಕ್ತು, ಚೆನ್ನಾಗಿ ಬೈಂಡ್ ಮಾಡಿದ್ರು. ಹಣ್ಣಿನ ಮರಗಳ ಪುಟದಲ್ಲಿ ಒಂದು ಸಾಲು, "ಹಲಸು – ಇದೆ". ನಮ್ಮೂರಲ್ಲಿ ಹಲಸು ಇದೆ ಅಂತ ನಮಗೆ ಗೊತ್ತಾಗಕ್ಕೆ ಪುಸ್ತಕ ಬೇಕಿತ್ತಾ ಹೇಳಿ. ಅಲ್ಲಿದ್ದ ಹುಡುಗ ಒಳ್ಳೆಯವನು, ಬೈಸಿಕೊಳ್ಳೋದು ಅವನ ತಪ್ಪಲ್ಲ, "ಸಾರ್ ನೀವೇ ಬರ್ಕೊಡಿ, ಮುಂದಿನ ಮೀಟಿಂಗಲ್ಲಿ ಸೇರಿಸಣ" ಅಂದ.

ಹಂಗಾಗಿ ಈ ಸಲ ಸೀಸನ್ನಲ್ಲಿ ನಾನು ಮಾವ ಇಬ್ಬರೂ ನೋಟ್‌ಬುಕ್ ಹಿಡ್ಕೊಂಡು ತಿರುಗಿದ್ವಿ. ಹನ್ನೊಂದು ಮರ ಬರೆದ್ವಿ, ಯಾರ ಬದು, ಬಕ್ಕೆನಾ (ಗಟ್ಟಿ ತೊಳೆ) ಅಂಬಲಿನಾ (ಮೆತ್ತನೆ ತೊಳೆ), ತೊಳೆ ಬಣ್ಣ, ಯಾವ ತಿಂಗಳು ಹಣ್ಣು, ಸಾರಿಗೆ ಕಾಯಿ ಚೆನ್ನಾಗಿದ್ಯಾ, ಯಾರು ಊರಿದ್ದು ಅಂತ ನೆನಪಿದ್ರೆ ಅದು. ಒಂದು ಅಜ್ಜಿ ಎರಡು ಗಂಟೆ ಬಿಡ್ಲಿಲ್ಲ, ಅವರ ಮದುವೆ ವರ್ಷ ಊರಿದ ಮರ, ಗಂಡನಿಗಿಂತ ಮರ ಮೇಲು ಅಂತ ಅವರ ಅಭಿಪ್ರಾಯ, ಅದನ್ನ ದಾಖಲಾತೀಲಿ ಹಾಕಕ್ಕಾಗಲ್ಲ ಅಂದ್ರೆ ಬೇಜಾರು ಮಾಡ್ಕೊಂಡ್ರು. ಕೊನೇಲಿ ನಮ್ಮ ಮನೆ ಹಿಂದಿನ ಹಳೇ ಮರ ಬರೀಬೇಕಿತ್ತು, ಸ್ಥಳೀಯ ಹೆಸರು ಅನ್ನೋ ಕಾಲಂ ಹತ್ರ ನಿಂತ್ಕೊಂಡೆ. ಸಿದ್ದು, ಶಂಕರ ಅಂತ ಇರೋ ಹಂಗೆ ತಾತನ ಹೆಸರಿಡೋಣ ಅಂದೆ. ಅಮ್ಮ ಬೀಜ ಸುಲೀತಾ ಇದ್ರು, ತಲೆ ಎತ್ತದೆ "ಊರಿದ್ದು ನಿಮ್ಮ ತಾತ ಅಲ್ಲ, ನಮ್ಮತ್ತೆ. ಕೊಟ್ಟಿಗೆ ಮರ ಅಂತಾನೇ ಬರಿ, ಕೇಳಿದ್ರೆ ಎಲ್ಲಾರ್ಗೂ ಗೊತ್ತಾಗುತ್ತೆ" ಅಂದ್ರು.

ಸ್ಟಾರ್ ವಿಷ್ಯಕ್ಕೆ ಬರೋಣ. ಹೈವೇ ನರ್ಸರಿಗೆ ಸೊನ್ನೆ ಕೊಡಕ್ಕೆ ಆಪ್ಷನ್ ಇಲ್ಲ, ಹಂಗಾಗಿ ಒಂದು. ಸಿದ್ದು ಕಸಿ ಗಿಡಕ್ಕೆ, ಹಿರೇಹಳ್ಳಿಯದ್ದಾದ್ರೆ ಮಾತ್ರ, ನಾಲ್ಕೂವರೆ. ಅರ್ಧ ಕಟ್ ಮಾಡ್ಸಿದ್ದು ಅಮ್ಮ, ಬೀಜದ ಸಾರಿನ ಬಾಬ್ತು.